ಮತವೂ ಅಭಿಮತವೂ

2019ನೆಯ ಇಸವಿ ಮಾರ್ಚ್ 26ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಸೇರಿದ್ದ ಯೂರೋಪಿಯನ್ ಪಾರ್ಲಿಮೆಂಟಿನ ಮುಂದೆ ಗ್ರಂಥಸ್ವಾಮ್ಯವನ್ನು ಕುರಿತ ಮಸೂದೆಯೊಂದು ಬಂದಿತ್ತು. ಬರೆಯುವವರು, ಹಾಡುವವರು, ಪತ್ರಿಕೆ ನಡೆಸುವವರು ದುಡಿದು ನಿರ್ಮಿಸಿದ್ದನ್ನು ಅಂತರ್ಜಾಲದ ದೊಡ್ಡ ಕಂಪೆನಿಗಳು ಹಂಚಿ ಲಾಭ ಪಡೆಯುವಾಗ ಕರ್ತೃಗಳಿಗೆ ಸಲ್ಲತಕ್ಕ ಪಾಲೇನು ಎಂಬುದು ಅದರ ತಿರುಳು. ಇದರಿಂದ ಲೇಖಕನಿಗೆ ನ್ಯಾಯ ದೊರೆಯುವುದೆಂದು ಒಂದು ಪಕ್ಷ, ಜನರ ಮುಕ್ತವಾದ ಮಾತಿಗೆ ಜರಡಿ ಹಿಡಿದಂತಾಗುವುದೆಂದು ಇನ್ನೊಂದು ಪಕ್ಷ ಬಹುಕಾಲ ವಾದಿಸಿದ್ದುವು. ಮಸೂದೆಯನ್ನು ಇಡಿಯಾಗಿ ಮತಕ್ಕೆ ಹಾಕುವ ಮೊದಲು ಒಂದು ಸಣ್ಣ ಪ್ರಶ್ನೆ ಎದ್ದಿತು: ವಿವಾದಕ್ಕೊಳಗಾದ ವಿಧಿಗಳ ಮೇಲಣ ತಿದ್ದುಪಡಿಗಳನ್ನು ಸಭೆ ಕೈಗೆತ್ತಿಕೊಳ್ಳಬೇಕೆ, ಬೇಡವೆ? ಬೇಕೆಂದವರು 312 ಮಂದಿ, ಬೇಡವೆಂದವರು 317, ತಟಸ್ಥರು 24. ಐದು ಮತಗಳ ಅಂತರದಿಂದ ಆ ಬಾಗಿಲು ಮುಚ್ಚಿತು. ಅನಂತರ ಮಸೂದೆ 348ಕ್ಕೆ 274 ಮತಗಳಂತೆ ಅಂಗೀಕೃತವಾಯಿತು.

ಮತದಾನ ಮುಗಿದ ಮೇಲೆ ವಿಚಿತ್ರವೊಂದು ಹೊರಬಿದ್ದಿತು. ಆ ಸಣ್ಣ ಪ್ರಶ್ನೆಯ ಮೇಲೆ ತಮ್ಮ ಮತ ತಪ್ಪಾಗಿ ಬಿದ್ದಿತೆಂದು 13 ಮಂದಿ ಸದಸ್ಯರು ಕಡತದಲ್ಲಿ ಬರೆಸಿದರು. ಅವರಲ್ಲಿ 10 ಮಂದಿ 'ಬೇಡ' ಎಂದು ದಾಖಲಾದವರು. ಅವರ ಇಂಗಿತ 'ಬೇಕು' ಎಂಬುದಾಗಿತ್ತು. ಇಬ್ಬರದು ಇದಕ್ಕೆ ವಿಪರ್ಯಯ. ಇನ್ನೊಬ್ಬರಿಗೆ ಮತ ಹಾಕುವ ಉದ್ದೇಶವೇ ಇರಲಿಲ್ಲ. ಲೆಕ್ಕವನ್ನು ತಿದ್ದಿ ನೋಡಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಆದರೆ ಆ ಸಭೆಯ ನಿಯಮದಂತೆ ಇಂಥ ತಿದ್ದುಪಡಿ ಕಡತಕ್ಕೆ ಸೇರುತ್ತದೆಯೇ ಹೊರತು ಫಲಿತಾಂಶಕ್ಕೆ ಸೇರುವುದಿಲ್ಲ. ನಮ್ಮ ಹಳೆಯ ಪುಸ್ತಕಗಳ ಕೊನೆಯಲ್ಲಿ 'ತಪ್ಪು–ಒಪ್ಪು' ಎಂಬ ಪಟ್ಟಿ ಇರುತ್ತಿದ್ದುದು ವಾಚಕರಿಗೆ ನೆನಪಿರಬಹುದು. ಅದನ್ನು ಎದುರಿಗಿಟ್ಟುಕೊಂಡು ಓದುವವನು ತನ್ನ ಪ್ರತಿಯನ್ನು ಪೆನ್ಸಿಲಿನಿಂದ ತಿದ್ದಿಕೊಳ್ಳಬಹುದಾಗಿತ್ತು. ಶಾಸನಸಭೆಯ ಪುಸ್ತಕಕ್ಕೆ ಆ ಸೌಲಭ್ಯವಿಲ್ಲ. ಬಾಗಿಲು ತೆರೆದಿದ್ದರೂ ತಿದ್ದುಪಡಿಗಳು ಸೋತುಹೋಗುತ್ತಿದ್ದುವೋ ಏನೋ, ಅದನ್ನು ಯಾರೂ ಹೇಳಲಾರರು. ಆದರೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ತಪ್ಪಿಹೋಯಿತೆಂಬುದು ನಿಶ್ಚಯ.

ಈ ಪ್ರಸಂಗವನ್ನು ನಾವು ನೆನೆದದ್ದು ನಗುವುದಕ್ಕಾಗಿ ಅಲ್ಲ. ತಪ್ಪು ನಡೆದದ್ದು ಲೋಕಕ್ಕೆ ತಿಳಿದದ್ದಾದರೂ ಹೇಗೆ ಎಂಬುದನ್ನು ಯೋಚಿಸಬೇಕು. ಅಂದಿನ ಮತ ಹೆಸರು ಹಿಡಿದು ದಾಖಲಾಗಿತ್ತು. ಆದ್ದರಿಂದ ಪ್ರತಿಯೊಬ್ಬನೂ ತಾನು ಏನೆಂದು ಮತವಿತ್ತೆನೆಂಬುದನ್ನು ನೋಡಿಕೊಳ್ಳಬೇಕಾಯಿತು, ಅವನನ್ನು ಆರಿಸಿ ಕಳುಹಿದವರೂ ನೋಡಿದರು. ಕನ್ನಡದಲ್ಲಿ 'ಮತ' ಎಂಬ ಒಂದೇ ಮಾತು ಅಭಿಪ್ರಾಯಕ್ಕೂ ಸಲ್ಲುತ್ತದೆ, ಅದನ್ನು ಎಣಿಕೆಗೆ ಒಪ್ಪಿಸುವ ಚೀಟಿಗೂ ಗುಂಡಿಗೂ ಸಲ್ಲುತ್ತದೆ. ಈ ಎರಡು ಅರ್ಥಗಳೂ ಒಂದೇ ಎಂದು ನಾವು ನಂಬಿ ನಡೆಯುತ್ತೇವೆ. ಅವು ಅಗಲುವ ಸಂದರ್ಭಗಳು ಅನೇಕ. ಪ್ರತಿನಿಧಿಯ ಮತವನ್ನು ಗಮನಿಸುವ ಕೆಲಸವೆಂದರೆ ಈ ಅಗಲಿಕೆಯನ್ನು ಗಮನಿಸುವ ಕೆಲಸ. ಅದು ಲೆಕ್ಕಿಗನ ಕೆಲಸವಾಗಿ ಆರಂಭವಾಗಿ ಓದುಗನ ಕೆಲಸವಾಗಿ ಮುಗಿಯಬೇಕೆಂಬುದು ನಮ್ಮ ಅಭಿಪ್ರಾಯ.

ಯೂರೋಪಿನ ಈ ಸಭೆ ಲೋಕದಲ್ಲಿ ತನ್ನಂಥ ಇನ್ನೊಂದಿಲ್ಲದ ಸಭೆ. 1952ರಲ್ಲಿ, ಕಲ್ಲಿದ್ದಲು ಮತ್ತು ಉಕ್ಕಿನ ವ್ಯವಹಾರವನ್ನು ಒಗ್ಗೂಡಿಸಿಕೊಂಡ ಆರು ದೇಶಗಳ ಸಮಾಲೋಚನಾ ಮಂಡಲಿಯಾಗಿ ಅದು ಹುಟ್ಟಿತು. ಅಂದು ಸದಸ್ಯರನ್ನು ಆಯಾ ದೇಶದ ಸಂಸತ್ತುಗಳೇ ಕಳುಹುತ್ತಿದ್ದುವು. 1962ರಲ್ಲಿ ಅದು ತನ್ನನ್ನು ಪಾರ್ಲಿಮೆಂಟೆಂದು ಕರೆದುಕೊಂಡಿತು. 1979ರ ಜೂನ್ ತಿಂಗಳಲ್ಲಿ ಮೊಟ್ಟಮೊದಲ ಬಾರಿಗೆ ಜನರಿಂದ ನೇರವಾಗಿ ಚುನಾಯಿತವಾಯಿತು. ಆ ಹೊಸ ಸಭೆಯ ಅಧ್ಯಕ್ಷಪೀಠವನ್ನೇರಿದ ಸಿಮೋನ್ ವೇಯ್ ಎಂಬ ಮಹಿಳೆ ನಾಜಿಗಳ ಆಷ್‌ವಿಟ್ಸ್ ಶಿಬಿರದಿಂದ ಬದುಕಿ ಬಂದವರು. ಒಬ್ಬರನ್ನೊಬ್ಬರು ಕೊಂದುಕೊಂಡ ದೇಶಗಳ ಪ್ರತಿನಿಧಿಗಳು ಅವರ ಎದುರಿಗೆ ಕುಳಿತಿದ್ದರು. 2024ರ ಚುನಾವಣೆಯಲ್ಲಿ 27 ದೇಶಗಳಿಂದ 720 ಮಂದಿ ಆರಿಸಿ ಬಂದರು: ಜರ್ಮನಿಯಿಂದ 96, ಮಾಲ್ಟಾದಂಥ ಪುಟ್ಟ ದೇಶದಿಂದ 6. ಅಲ್ಲಿ ಅಧಿಕೃತ ಭಾಷೆಗಳು 24. ಒಂದರಿಂದ ಇನ್ನೊಂದಕ್ಕೆ ಭಾಷಾಂತರಿಸುವ ಜೋಡಿಗಳನ್ನು ಎಣಿಸಿದರೆ 552. ಸದಸ್ಯರು ದೇಶವಾರಾಗಿ ಕುಳಿತುಕೊಳ್ಳುವುದಿಲ್ಲ. ತತ್ತ್ವವಾರಾಗಿ, ರಾಜಕೀಯ ಬಣಗಳಾಗಿ ಕುಳಿತುಕೊಳ್ಳುತ್ತಾರೆ. ಒಂದು ಬಣಕ್ಕೆ ಕನಿಷ್ಠ 23 ಸದಸ್ಯರಿರಬೇಕು, ಅವರು ಕನಿಷ್ಠ 7 ದೇಶಗಳವರಾಗಿರಬೇಕು.

ಇಂಥ ಸಭೆಯಲ್ಲಿ ತನ್ನ ಪ್ರತಿನಿಧಿ ಏನು ಮಾಡುತ್ತಿದ್ದಾನೆಂಬುದನ್ನು ಪೋರ್ಚುಗಲ್ಲಿನ ಮೀನುಗಾರನಾಗಲಿ ಫಿನ್ಲೆಂಡಿನ ಶಾಲೆಯ ಮಾಸ್ತರಾಗಲಿ ತಿಳಿಯುವುದೆಂತು? ತನ್ನ ದೇಶದ ರಾಜಧಾನಿಯಲ್ಲಿ ನಡೆಯುವ ಜಗಳ ದಿನಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ. ದೂರದ ಸ್ಟ್ರಾಸ್‌ಬರ್ಗಿನಲ್ಲಿ ಮಧ್ಯಾಹ್ನದ ಊಟಕ್ಕೆ ಮುನ್ನ ಒಂದೇ ಸಮನೆ ಬೀಳುವ ನೂರಾರು ಮತಗಳ ಸುದ್ದಿ ಒಳಪುಟಕ್ಕೂ ಬರುವುದು ಅಪರೂಪ. ಸದಸ್ಯರ ಕೈಯಲ್ಲಿ ಅವರವರ ಬಣ ಸಿದ್ಧಪಡಿಸಿದ ಪಟ್ಟಿಯಿರುತ್ತದೆ. ಒಂದೊಂದು ತಿದ್ದುಪಡಿಯ ಎದುರಿಗೂ ಕೂಡುವ ಗುರುತು ಅಥವಾ ಕಳೆಯುವ ಗುರುತು. ಬಣದ ಮುಂದಾಳು ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ತೋರಿಸುತ್ತಾನೆ. ಅಧ್ಯಕ್ಷರು ಓದಿದ ಸಂಖ್ಯೆಗೂ ಪಟ್ಟಿಯ ಸಾಲಿಗೂ ಕಣ್ಣು ಓಡಿಸುತ್ತ ಕೈ ಗುಂಡಿಯನ್ನು ಒತ್ತಬೇಕು. ಮತದ ಕ್ರಮವನ್ನು ಬದಲಿಸಿದ್ದರಿಂದ ಗಲಿಬಿಲಿಯಾಯಿತೆಂದು 2019ರಲ್ಲಿ ತಪ್ಪಿ ಒತ್ತಿದ ಸ್ವೀಡನ್ನಿನ ಸದಸ್ಯರು ಹೇಳಿದುದರಲ್ಲಿ ಅಸಂಭವವೇನೂ ಇಲ್ಲ.

ಎಲ್ಲ ಮತಗಳೂ ಹೆಸರು ಸಮೇತ ದಾಖಲಾಗುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿಯ ಮೂಲ ಪದ್ಧತಿ ಕೈ ಎತ್ತುವುದು. ಸಂದೇಹ ಬಂದರೆ ಯಂತ್ರದಿಂದ ಎಣಿಕೆ. ಯಾವುದಾದರೊಂದು ಬಣವೋ ನಿಯಮದಲ್ಲಿ ಹೇಳಿದಷ್ಟು ಸದಸ್ಯರೋ ಕೇಳಿದರೆ ಮಾತ್ರ ಹೆಸರುವಾರು ದಾಖಲೆ. 2009ರಲ್ಲಿ ಮಾಡಿಕೊಂಡ ನಿಯಮದಿಂದ, ಶಾಸನದ ಮೇಲಿನ ಅಂತಿಮ ಮತವಾದರೂ ಕಡ್ಡಾಯವಾಗಿ ಹೆಸರುವಾರು ದಾಖಲಾಗತೊಡಗಿತು. ಬ್ರಿಟನ್ನಿನ ಕಾಮನ್ಸ್ ಸಭೆ ತನ್ನ ಸದಸ್ಯರು ಮತವಿತ್ತ ಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸಲು ಆರಂಭಿಸಿದ್ದು 1836ರಲ್ಲಿ. ಅದಕ್ಕೆ ಮುನ್ನ ಶತಮಾನಗಳ ಕಾಲ ಸಭೆಯೊಳಗಿನದು ಸಭೆಯೊಳಗೇ ಇರಬೇಕೆಂಬುದೇ ಅದರ ಹಕ್ಕಾಗಿತ್ತು. ನಮ್ಮಲ್ಲಿ 'ಶಾಸನ'ವೆಂದರೆ ಕಾಯಿದೆಯೂ ಹೌದು, ಕಲ್ಲಿನ ಬರಹವೂ ಹೌದು. ದಾನಶಾಸನಗಳಲ್ಲಿ ಸಾಕ್ಷಿಗಳ ಹೆಸರನ್ನು ಕೆತ್ತಿಸುತ್ತಿದ್ದ ಹಿರಿಯರು ಒಂದು ತತ್ತ್ವವನ್ನು ಬಲ್ಲವರಾಗಿದ್ದರು: ನಾಳೆ ಯಾರನ್ನು ಕೇಳಬೇಕೆಂಬುದು ತಿಳಿಯದ ತೀರ್ಮಾನಕ್ಕೆ ಬಾಳಿಕೆ ಕಡಿಮೆ.

ಮತದಾರನ ಮತ ಗುಟ್ಟಾಗಿರಬೇಕು, ಪ್ರತಿನಿಧಿಯ ಮತ ಬಯಲಾಗಿರಬೇಕು. ಈ ಎರಡರ ಉದ್ದೇಶವೂ ಒಂದೇ. ಮತದಾರನನ್ನು ಧಣಿಯಿಂದಲೂ ಅಧಿಕಾರಿಯಿಂದಲೂ ಕಾಪಾಡುವುದಕ್ಕೆ ಗುಟ್ಟು. ಅದೇ ಮತದಾರನನ್ನು ತಾನೇ ಆರಿಸಿದವನಿಂದ ಕಾಪಾಡುವುದಕ್ಕೆ ಬಯಲು. ಈ ನ್ಯಾಯಕ್ಕೆ ಯೂರೋಪಿಯನ್ ಪಾರ್ಲಿಮೆಂಟಿನಲ್ಲೇ ಒಂದು ದೊಡ್ಡ ಅಪವಾದವುಂಟು. ಒಕ್ಕೂಟದ ಆಡಳಿತ ನಡೆಸುವ ಆಯೋಗದ ಅಧ್ಯಕ್ಷರನ್ನು ಆರಿಸುವ ಮತ ಗುಪ್ತಮತ. 2019ರ ಜುಲೈಯಲ್ಲಿ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರಿಗೆ ಬೇಕಾಗಿದ್ದುದು 374 ಮತ, ದೊರೆತದ್ದು 383. ಹೆಚ್ಚಿಗೆ ಬಂದ ಆ ಒಂಬತ್ತು ಯಾರವೆಂಬುದು ಯಾವ ಪಟ್ಟಿಯಲ್ಲಿಯೂ ಇಲ್ಲ. ಆ ಸದಸ್ಯರು ಊರಿಗೆ ಹಿಂದಿರುಗಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದ್ದರೆ ತಡೆಯುವವರಾರು?

ಪಟ್ಟಿ ದೊರೆತಲ್ಲಿ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಲ್ಲಿಂದಲೇ ಕಷ್ಟ ಆರಂಭವಾಗುವುದು. ಮೊದಲನೆಯದಾಗಿ, ನಮಗೆ ದೊರೆಯುವುದು ಪೂರ್ಣ ಗ್ರಂಥವಲ್ಲ, ಆಯ್ದ ಭಾಗಗಳು. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ಉಳಿದಿಲ್ಲ. ಬೇರೆಯವರು ತಮ್ಮ ಅಗತ್ಯಕ್ಕಾಗಿ ಎತ್ತಿಕೊಂಡ ಕೆಲವು ಪದ್ಯಗಳಿಂದ ನಾವು ಅವನನ್ನು ಅಳೆಯುತ್ತೇವೆ. ಎತ್ತಿಕೊಂಡವರ ಅಭಿರುಚಿ ಎಷ್ಟು, ಕವಿಯ ಶಕ್ತಿ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಪಾರ್ಲಿಮೆಂಟಿನಲ್ಲಿಯೂ ಹೆಸರುವಾರು ಮತವನ್ನು ಬಣಗಳು ತಮ್ಮ ಪ್ರಯೋಜನ ನೋಡಿ ಕೇಳುತ್ತವೆ: ಎದುರಾಳಿಯನ್ನು ಪೇಚಿಗೆ ಸಿಕ್ಕಿಸುವುದಕ್ಕೆ, ತನ್ನವರು ಸಾಲು ಬಿಟ್ಟು ಹೋಗದಂತೆ ಕಾಯುವುದಕ್ಕೆ. ಹೀಗೆ ಉಳಿದುಬಂದ ದಾಖಲೆಯನ್ನೇ ಸದಸ್ಯನ ಸಮಗ್ರ ಚರಿತ್ರೆಯೆಂದು ಓದಿದರೆ ಮೋಸ ಹೋಗುತ್ತೇವೆ.

ಎರಡನೆಯದಾಗಿ, ಉತ್ತರವನ್ನು ಓದುವ ಮೊದಲು ಪ್ರಶ್ನೆಯನ್ನು ಓದಬೇಕು. 2023ರ ಜುಲೈ 12ರಂದು ನಿಸರ್ಗವನ್ನು ಪುನಃಸ್ಥಾಪಿಸುವ ಶಾಸನ ಚರ್ಚೆಗೆ ಬಂದಾಗ ಮೊದಲು ಮತಕ್ಕೆ ಬಿದ್ದ ಪ್ರಶ್ನೆ, ಅದನ್ನು ತಿರಸ್ಕರಿಸಬೇಕೆ ಎಂಬುದು. 312 ಮಂದಿ ಹೌದೆಂದರು, 324 ಮಂದಿ ಅಲ್ಲವೆಂದರು. ಇಲ್ಲಿ 'ಹೌದು' ಎಂದವನು ಶಾಸನದ ವಿರೋಧಿ, 'ಅಲ್ಲ' ಎಂದವನು ಅದರ ಸಮರ್ಥಕ. ಅದೇ ದಿನ ಕೊನೆಯಲ್ಲಿ ಬಿದ್ದ ಮತದಲ್ಲಿ ಇದೇ ಮಾತುಗಳ ಅರ್ಥ ತಿರುಗಿತು. ಹೌದು ಅಲ್ಲಗಳನ್ನು ಮಾತ್ರ ಎಣಿಸುವವನಿಗೆ ಈ ಇಬ್ಬರು ಅದಲುಬದಲಾಗಿ ಕಾಣುತ್ತಾರೆ.

ಮೂರನೆಯದಾಗಿ, ಒಂದು ಮತವನ್ನು ಅದರ ಹಿಂದುಮುಂದಿನ ಮತಗಳಿಂದ ಕಿತ್ತು ಓದಬಾರದು. ಇದಕ್ಕೆ ನಮಗೆ ಹತ್ತಿರದ ಉದಾಹರಣೆಯೊಂದಿದೆ. ಕಾಡನ್ನು ಕಡಿದು ಬೆಳೆದ ಪದಾರ್ಥಗಳು ಯೂರೋಪಿನ ಮಾರುಕಟ್ಟೆಗೆ ಬರಬಾರದೆಂಬ ಶಾಸನವನ್ನು ಆ ಪಾರ್ಲಿಮೆಂಟು 2023ರ ಏಪ್ರಿಲ್ 19ರಂದು 552 ಮತಗಳಿಂದ ಒಪ್ಪಿತು. ವಿರೋಧ 44, ತಟಸ್ಥ 43. ಆ ಪದಾರ್ಥಗಳು ಏಳು. ಅವುಗಳಲ್ಲಿ ಕಾಫಿಯೂ ಒಂದು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನಗಳದು. ಅದನ್ನು ಕೊಳ್ಳುವವರಲ್ಲಿ ಇಟಲಿಯೇ ಮುಂದು. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ನೆಲದ್ದಲ್ಲವೆಂದು ತೋರಿಸಲು, ಬೆಳೆದ ತಾಕಿನ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಮರಗಳ ನೆರಳಿನಲ್ಲಿಯೇ ಗಿಡ ಬೆಳೆಸುವ ನಮ್ಮ ಸಣ್ಣ ಹಿಡುವಳಿದಾರನು, ತಾನು ಕಾಡು ಕಡಿದವನಲ್ಲವೆಂಬುದನ್ನು, ತಾನೆಂದೂ ಕಾಣದ ನಗರದಲ್ಲಿ ತಾನೆಂದೂ ಆರಿಸದ ಸದಸ್ಯರು ಮಾಡಿದ ಕಟ್ಟಳೆಯಂತೆ ಕಾಗದದ ಮೇಲೆ ಸಾಧಿಸಬೇಕಾಗಿ ಬಂತು.

ಆ ಶಾಸನದ ಮುಂದಿನ ಕಥೆಯನ್ನು ನೋಡಿ. 2024ರಲ್ಲಿ ಹೊಸ ಪಾರ್ಲಿಮೆಂಟು ಬಂದಿತು. ನವೆಂಬರ್ 14ರಂದು, ಶಾಸನದ ಜಾರಿಯನ್ನು ಒಂದು ವರ್ಷ ಮುಂದಕ್ಕೆ ಹಾಕುವುದಲ್ಲದೆ, 'ಅಪಾಯವಿಲ್ಲದ' ದೇಶಗಳೆಂಬ ಹೊಸದೊಂದು ವರ್ಗವನ್ನು ಕಲ್ಪಿಸಿ ಅವುಗಳಿಗೆ ವಿನಾಯಿತಿ ಕೊಡಬೇಕೆಂದೂ 371ಕ್ಕೆ 240 ಮತಗಳಂತೆ ನಿರ್ಧಾರವಾಯಿತು. ದೇಶಗಳ ಸರಕಾರಗಳು ಇದಕ್ಕೆ ಒಪ್ಪಲಿಲ್ಲ. ಮುಚ್ಚಿದ ಕೊಠಡಿಯಲ್ಲಿ ನಡೆದ ಸಂಧಾನದಲ್ಲಿ ಆ ವರ್ಗ ಬಿದ್ದುಹೋಯಿತು, ಕಾಲಾವಕಾಶ ಮಾತ್ರ ಉಳಿಯಿತು. ಅದನ್ನು ಡಿಸೆಂಬರ್ 17ರಂದು 546 ಮಂದಿ ಒಪ್ಪಿದರು. 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಮುಂದೂಡಿಕೆ. ಈಗ 2023ರಲ್ಲಿ 'ಹೌದು' ಎಂದು, 2024ರ ನವೆಂಬರಿನಲ್ಲಿಯೂ 'ಹೌದು' ಎಂದು, ಡಿಸೆಂಬರಿನಲ್ಲಿಯೂ 'ಹೌದು' ಎಂದ ಸದಸ್ಯನೊಬ್ಬನನ್ನು ಊಹಿಸಿಕೊಳ್ಳಿ. ಲೆಕ್ಕದಲ್ಲಿ ಅವನಿಗಿಂತ ಸ್ಥಿರಚಿತ್ತನಿಲ್ಲ. ಅರ್ಥದಲ್ಲಿ ಅವನು ಕಾಡಿನ ರಕ್ಷಕನಾಗಿ ಹೊರಟು, ರಕ್ಷಣೆಯಲ್ಲೊಂದು ಕಿಂಡಿ ಬಿಡಿಸಲು ನೋಡಿ, ಅದು ಸಾಗದೆ ಕಾಲಹರಣಕ್ಕೆ ಒಪ್ಪಿದವನು. ಅಥವಾ, ಬಡ ಬೆಳೆಗಾರನಿಗೆ ಸಿದ್ಧತೆಗೆ ಸಮಯ ಬೇಕೆಂದು ಕಂಡುಕೊಂಡ ವಿವೇಕಿ. ಇವನು ಇವರಿಬ್ಬರಲ್ಲಿ ಯಾರು? ಪಟ್ಟಿ ಹೇಳುವುದಿಲ್ಲ. ಆದರೆ ಪಟ್ಟಿಯಿಲ್ಲದೆ ಆ ಪ್ರಶ್ನೆಯನ್ನು ಅವನ ಮುಂದೆ ಇಡುವುದಕ್ಕೇ ಬರುವುದಿಲ್ಲ.

ಪ್ರತಿನಿಧಿ ಯಾರ ಮಾತು ಕೇಳಬೇಕೆಂಬುದು ಹಳೆಯ ವಿವಾದ. 1774ರ ನವೆಂಬರಿನಲ್ಲಿ ಎಡ್ಮಂಡ್ ಬರ್ಕ್ ಬ್ರಿಸ್ಟಲ್ ನಗರದ ಮತದಾರರಿಗೆ, ತಾನು ಅವರಿಗೆ ಶ್ರಮವನ್ನು ಮಾತ್ರವಲ್ಲದೆ ತನ್ನ ವಿವೇಚನೆಯನ್ನೂ ಸಲ್ಲಿಸಬೇಕಾದವನೆಂದೂ, ಪಾರ್ಲಿಮೆಂಟು ಬೇರೆಬೇರೆ ಹಿತಗಳ ರಾಯಭಾರಿಗಳ ಕೂಟವಲ್ಲವೆಂದೂ ತಿಳಿಸಿದನು. ಆರು ವರ್ಷಗಳ ಬಳಿಕ, ಆ ಮತದಾರರ ಒಲವು ತಪ್ಪಿದುದನ್ನು ಕಂಡು ಅವನು ಅಲ್ಲಿಯ ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಬರ್ಕನ ಮಾತು ಯೂರೋಪಿಯನ್ ಪಾರ್ಲಿಮೆಂಟಿಗೆ ಒಪ್ಪುವಷ್ಟು ಇನ್ನಾವ ಸಭೆಗೂ ಒಪ್ಪದು. ಅಲ್ಲಿಯ ಸದಸ್ಯನು ಯಾರ ಅಪ್ಪಣೆಗೂ ಕಟ್ಟುಬೀಳದೆ ವೈಯಕ್ತಿಕವಾಗಿ ಮತವೀಯಬೇಕೆಂದು ಕಾನೂನೇ ಇದೆ. ಆದರೂ ಅವನ ಎರಡು ಭುಜಗಳ ಮೇಲೆ ಎರಡು ಕೈಗಳಿವೆ. ಒಂದು ಅವನು ಸೇರಿದ ಬಣದ್ದು, ಇನ್ನೊಂದು ಮುಂದಿನ ಚುನಾವಣೆಯ ಪಟ್ಟಿಯಲ್ಲಿ ಅವನ ಹೆಸರನ್ನು ಬರೆಯುವ ಅಥವಾ ಬಿಡುವ ಸ್ವದೇಶದ ಪಕ್ಷದ್ದು. ಸೈಮನ್ ಹಿಕ್ಸ್ ಮತ್ತು ಅವರ ಇಬ್ಬರು ಸಂಗಡಿಗರು 1979ರಿಂದ 2004ರ ವರೆಗಿನ ಹೆಸರುವಾರು ಮತಗಳನ್ನೆಲ್ಲ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸದಸ್ಯರು ತಮ್ಮ ದೇಶದವರೊಡನೆ ಕೂಡುವುದಕ್ಕಿಂತ ತಮ್ಮ ಬಣದವರೊಡನೆ ಕೂಡುವುದೇ ಹೆಚ್ಚೆಂದು ತೋರಿಸಿದರು. ರಾಷ್ಟ್ರಗಳ ಜಗಳದ ಕಣವೆಂದು ಜನ ತಿಳಿದಿದ್ದ ಸಭೆ, ತತ್ತ್ವಗಳ ವಿವಾದದ ಸಭೆಯೆಂದು ಮತಗಳ ಪಟ್ಟಿಯಿಂದ ತಿಳಿದುಬಂದಿತು. ಇದು ಸಣ್ಣ ಲಾಭವಲ್ಲ.

ನಮ್ಮ ದೇಶದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ತಪ್ಪಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ಆದೇಶವನ್ನು ಮೀರಿ ಮತವಿತ್ತ ಶಾಸಕ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗಿಗೆ ಮದ್ದಾಗಿ ಬಂದ ಈ ವಿಧಿಯ ಸಾಧಕಬಾಧಕಗಳು ಬೇರೆಯೇ ವಿಷಯ. ಆದರೆ ಆದೇಶ ಹೊರಟ ಮೇಲೆ ಬಿದ್ದ ಮತದಲ್ಲಿ ವ್ಯಕ್ತಿಯನ್ನು ಹುಡುಕುವುದು ವ್ಯರ್ಥ. ಅಲ್ಲಿ ಓದಸಿಗುವುದು ಪಕ್ಷ ಮಾತ್ರ. ಅದರ ಮೇಲೆ ಎಷ್ಟೋ ಮಸೂದೆಗಳು ಧ್ವನಿಮತದಲ್ಲೇ ತೇಲಿಹೋಗುತ್ತವೆ. ಧ್ವನಿಗೆ ಹೆಸರಿಲ್ಲ. ಯೂರೋಪಿನ ಸದಸ್ಯನಿಗೆ ಬಣದ ಮಾತು ಮೀರಿದರೆ ಸ್ಥಾನ ಹೋಗುವುದಿಲ್ಲ. ಆದ್ದರಿಂದಲೇ ಅವನ ಮತದಲ್ಲಿ ಓದುವುದಕ್ಕೆ ಏನಾದರೂ ಉಳಿದಿರುತ್ತದೆ.

ಈ ಓದನ್ನು ಸಾಮಾನ್ಯ ನಾಗರಿಕನಿಗೆ ತಲುಪಿಸಲು ಕೆಲವರು ಶ್ರಮಿಸಿದ್ದಾರೆ. ಪಾರ್ಲಿಮೆಂಟಿನ ಕಡತಗಳಿಂದ ಒಬ್ಬೊಬ್ಬ ಸದಸ್ಯನ ಮತಗಳನ್ನು ಆಯ್ದು ಜೋಡಿಸಿಕೊಡುತ್ತಿದ್ದ ವೋಟ್‌ವಾಚ್ ಎಂಬ ಸಂಸ್ಥೆ 2009ರಲ್ಲಿ ಹುಟ್ಟಿ 2022ರಲ್ಲಿ ನಿಂತಿತು. ಆಮೇಲೆಯೂ ಬೇರೆಯವರು ಆ ಕೆಲಸವನ್ನು ಕೈಬಿಟ್ಟಿಲ್ಲ. ಅದು ಸ್ತುತ್ಯವಾದ ಕಾರ್ಯ. ಆದರೆ ಇಂಥ ಸಂಗ್ರಹಗಳನ್ನು ಆಧರಿಸಿ ಸದಸ್ಯರಿಗೆ ಅಂಕ ಕೊಡುವ, ಒಂದನೆಯವನು ಎರಡನೆಯವನು ಎಂದು ಸಾಲು ನಿಲ್ಲಿಸುವ ಚಪಲವೂ ಕೂಡಲೇ ಹುಟ್ಟುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ವರ್ಷವರ್ಷವೂ ತಿದ್ದುವ ನಮ್ಮಂಥವರಿಗೆ ಅಂಕದ ಮಹಿಮೆ ಚೆನ್ನಾಗಿ ಗೊತ್ತು. ಎಲ್ಲಿ ಅಂಕವೋ ಅಲ್ಲಿ ಅಂಕಕ್ಕಾಗಿ ಓದುವವರು. ಹಾಜರಿಯನ್ನು ಅಳೆದರೆ ಹಾಜರಿ ಬೆಳೆಯುತ್ತದೆ, ಭಾಷಣಗಳನ್ನು ಎಣಿಸಿದರೆ ಭಾಷಣಗಳು ಬೆಳೆಯುತ್ತವೆ. ಸಮಿತಿಯ ಕೊಠಡಿಯಲ್ಲಿ ಕುಳಿತು ಒಂದು ಮಸೂದೆಯ ಹತ್ತು ಸಾಲನ್ನು ತಿಂಗಳುಗಟ್ಟಲೆ ತಿದ್ದಿದವನು ಪಟ್ಟಿಯ ಕೆಳತುದಿಯಲ್ಲಿ ಬೀಳುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ನಮ್ಮ ವಿದ್ಯಾರ್ಥಿಗಳಿಗೆ ನಾವು ಕಾವ್ಯವನ್ನು ಓದಲು ಕಲಿಸುವ ರೀತಿಯೇ ಇಲ್ಲಿಯೂ ಸಲ್ಲುತ್ತದೆ. ಪಾಠ ಶುದ್ಧವಾಗಿದೆಯೆ ಎಂದು ಮೊದಲು ನೋಡಬೇಕು. ತಿದ್ದುಪಡಿ ಬರೆಸಿದ್ದರೆ ಅದನ್ನೂ ಓದಬೇಕು. ಪ್ರಶ್ನೆ ಯಾವುದಾಗಿತ್ತೆಂದು ತಿಳಿಯಬೇಕು. ಹಿಂದುಮುಂದಿನ ಪದ್ಯಗಳನ್ನು ನೋಡಬೇಕು. ಅವನು ಮಾತಾಡಿದಲ್ಲಿ ಏನೆಂದನೆಂಬುದನ್ನೂ, ಮೌನವಾಗಿದ್ದಲ್ಲಿ ಅದು ರೋಗವೋ ರಾಜಿಯೋ ಸಂಕೋಚವೋ ಎಂಬುದನ್ನೂ ವಿಚಾರಿಸಬೇಕು. ಕಡೆಗೆ, ಕವಿಯನ್ನು ಕೇಳಲಾಗದು, ಪ್ರತಿನಿಧಿಯನ್ನು ಕೇಳಬಹುದು. ಐದು ವರ್ಷಕ್ಕೊಮ್ಮೆ ಅವನು ಮನೆಬಾಗಿಲಿಗೆ ಬರುತ್ತಾನೆ. ಬಂದಾಗ ನಿಮ್ಮ ಸಾಧನೆಯೇನೆಂದು ಕೇಳಿದರೆ ಅವನ ಬಳಿ ಅಚ್ಚುಹಾಕಿಸಿದ ಉತ್ತರವಿರುತ್ತದೆ. ಇಂಥ ದಿನ, ಇಂಥ ವಿಧಿಯ ಮೇಲೆ, ನೀವು 'ಬೇಡ' ಎಂದಿರಿ, ಏಕೆ ಎಂದು ಕೇಳಿದರೆ ಅವನು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

2019ರಲ್ಲಿ ತಪ್ಪಾಯಿತೆಂದು ಬರೆಸಿದ ಆ ಹದಿಮೂರು ಮಂದಿಯನ್ನು ಹಾಸ್ಯಮಾಡಿದವರು ಬಹಳ. ಕೆಲವರ ತಪ್ಪೊಪ್ಪಿಗೆ ನಿಜವೇ, ಮತದಾರರ ಕೋಪ ಕಂಡ ಮೇಲೆ ಹುಟ್ಟಿದ್ದೇ ಎಂದು ಶಂಕಿಸಿದವರೂ ಇರಬಹುದು. ಎರಡರಲ್ಲಿ ಯಾವುದಾದರೂ ಆಗಲಿ, ಒಂದು ಮಾತು ನಿಲ್ಲುತ್ತದೆ. ತಮ್ಮ ಹೆಸರಿನ ಎದುರಿಗಿದ್ದ ಗುರುತನ್ನು ಯಾರೋ ನೋಡುತ್ತಾರೆಂಬ ಅರಿವು ಅವರಿಗಿತ್ತು. ಆ 'ಯಾರೋ' ಎಂಬ ಸ್ಥಾನವನ್ನು ಖಾಲಿ ಬಿಡದಿರುವುದು, ಸ್ಟ್ರಾಸ್‌ಬರ್ಗಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಓದು ಬಲ್ಲವರೆಲ್ಲರ ಹೊಣೆ.